ಅಪ್‌ಡೇಟ್ ಬಂತು, ಮಾಡ್ ಕೆಟ್ಟಿತು: ಸೋರ್ಸ್ ಕೋಡ್ ಇಲ್ಲದೆ ಗೇಮ್ ತಿದ್ದುವವರ ಪಾಡು

2024ರ ಏಪ್ರಿಲ್‌ನಲ್ಲಿ ಗೇಮ್ ಆಡುವವರ ನಡುವೆ ಒಂದು ವಿಚಿತ್ರ ಸುದ್ದಿ ಓಡಾಡಿತು. 'ಫಾಲ್‌ಔಟ್: ಲಂಡನ್' ಅನ್ನುವ ದೊಡ್ಡ ಮಾಡ್ (ಇರುವ ಗೇಮ್‌ಗೆ ಆಟಗಾರರೇ ಮಾಡಿ ಸೇರಿಸುವ ಬದಲಾವಣೆ) ಏಪ್ರಿಲ್ 23ಕ್ಕೆ ಬರಬೇಕಿತ್ತು, ಬರಲಿಲ್ಲ. ಹವ್ಯಾಸಿಗಳ ತಂಡವೊಂದು ವರ್ಷಗಟ್ಟಲೆ ಕೂತು 'ಫಾಲ್‌ಔಟ್ 4' ಗೇಮ್‌ನ ಮೇಲೆ ಲಂಡನ್ ನಗರವನ್ನೇ ಕಟ್ಟಿ ನಿಲ್ಲಿಸಿತ್ತು. ಅಷ್ಟರಲ್ಲಿ ಮೂಲ ಗೇಮ್‌ನ ಕಂಪನಿ ಬೆಥೆಸ್ಡಾ, ಏಪ್ರಿಲ್ 25ಕ್ಕೆ ದೊಡ್ಡ ಅಪ್‌ಡೇಟ್ ಬಿಡುವುದಾಗಿ ಹೇಳಿತು. ಎರಡೇ ದಿನ ಬಾಳುವ ಮಾಡ್ ಬಿಟ್ಟು ಏನು ಪ್ರಯೋಜನ? ತಂಡ ಕೈ ತಡೆಯಿತು. ಕೊನೆಗೆ ಅದು ಬಂದದ್ದು ಜುಲೈ 25ಕ್ಕೆ. ಮುಂದೆ 2025ರ ನವೆಂಬರ್ 10ಕ್ಕೆ 'ಫಾಲ್‌ಔಟ್ 4'ರ ಹತ್ತನೇ ವರ್ಷದ ಆವೃತ್ತಿ ಬಂದಾಗಲೂ ಅದೇ ರಾಮಾಯಣ.

ಹೊರಗಿನಿಂದ ನೋಡುವವರಿಗೆ ಇದು ಒಗಟು. ಅಪ್‌ಡೇಟ್ ಪುಕ್ಕಟೆ. ಗೇಮ್ ಚೆನ್ನಾಗಿ ಆಗಲಿ ಅಂತಲೇ ಕೊಟ್ಟದ್ದು. ಮಾಡ್‌ಗಳನ್ನು ಕೆಡಿಸಬೇಕು ಅಂತ ಕಂಪನಿಗೇನೂ ಹಟ ಇರಲಿಲ್ಲ. ಮತ್ತೆ ಕೆಟ್ಟದ್ದು ಯಾಕೆ? ಇಡೀ ಲಂಡನ್ ಕಟ್ಟಿದವರಿಗೆ ಇಷ್ಟನ್ನು ಸರಿಮಾಡಿಕೊಳ್ಳಲು ಬರುವುದಿಲ್ಲವೇ?

ಇದರ ಜೊತೆಗೇ ತದ್ವಿರುದ್ಧದ ಇನ್ನೊಂದು ಸುದ್ದಿಯೂ ಇದೆ. 2025ರ ಫೆಬ್ರವರಿಯಲ್ಲಿ ಎಲೆಕ್ಟ್ರಾನಿಕ್ ಆರ್ಟ್ಸ್ ಕಂಪನಿ 'ಕಮಾಂಡ್ ಅಂಡ್ ಕಾಂಕರ್' ಸರಣಿಯ ಕೆಲವು ಹಳೆಯ ಗೇಮ್‌ಗಳ ಸೋರ್ಸ್ ಕೋಡನ್ನು (ಗೇಮ್ ಬರೆದವರ ಮೂಲ ಬರಹವನ್ನು) ಯಾರು ಬೇಕಾದರೂ ತೆಗೆದುಕೊಳ್ಳಿ ಅಂತ ಹೊರಗಿಟ್ಟಿತು. ಮಾಡರ್‌ಗಳು ಹಬ್ಬ ಮಾಡಿದರು. ಇಪ್ಪತ್ತು ವರ್ಷದಿಂದ ಮಾಡ್ ಮಾಡುತ್ತಲೇ ಇದ್ದವರಿಗೆ ಈಗ ಕೋಡ್ ಸಿಕ್ಕಿದರೆ ಅಷ್ಟು ಖುಷಿ ಯಾಕೆ?

ಎರಡೂ ಒಂದೇ ಪ್ರಶ್ನೆ. ಸೋರ್ಸ್ ಕೋಡ್ ಇಲ್ಲದೆ ಏನೂ ಆಗಲ್ಲ ಅನ್ನುವುದು ತಪ್ಪು ತಿಳುವಳಿಕೆ. ಆಗುತ್ತೆ, ನಂಬಲಾಗದಷ್ಟು ಆಗುತ್ತೆ. ಆದರೆ ಮಾಡಿದ್ದು ಎಷ್ಟು ದಿನ ನಿಲ್ಲುತ್ತೆ ಅನ್ನುವುದು ಮಾಡಿದವರ ಕೈಯಲ್ಲಿ ಇರುವುದಿಲ್ಲ.

(ಮೊದಲೇ ಹೇಳಿಬಿಡುತ್ತೇನೆ, 'ಮಾಡ್' ಅನ್ನುವ ಪದ ಕನ್ನಡದಲ್ಲಿ ಬರೆಯಲು ಮಹಾ ತರಲೆ. 'ಮಾಡ್ ಮಾಡಿದರು' ಅಂತ ಬಂದರೆ ಅಚ್ಚಿನ ತಪ್ಪು ಅಂದುಕೊಳ್ಳಬೇಡಿ.)

ದುಡ್ಡು ಕೊಟ್ಟು ತಂದದ್ದು ಏನು

ಗೇಮ್ ಬರೆಯುವವರು ಮನುಷ್ಯರು ಓದುವ ಭಾಷೆಯಲ್ಲಿ ಬರೆಯುತ್ತಾರೆ. ಆಟಗಾರ ಹೊತ್ತ ತೂಕ ಮಿತಿಗಿಂತ ಜಾಸ್ತಿಯಾದರೆ ಅವನಿಗೆ ಓಡಲು ಬಿಡಬಾರದು ಅನ್ನುವ ನಿಯಮ ಇದೆ ಅಂತಿಟ್ಟುಕೊಳ್ಳಿ. ಸೋರ್ಸ್ ಕೋಡ್‌ನಲ್ಲಿ 'ಹೊತ್ತ ತೂಕ', 'ಮಿತಿ', 'ಓಡು' ಅನ್ನುವ ಹೆಸರುಗಳೇ ಇರುತ್ತವೆ. ಪಕ್ಕದಲ್ಲಿ 'ಕುದುರೆ ಮೇಲಿದ್ದರೆ ಇದು ಬೇಡ' ಅಂತ ಬರೆದವರ ಟಿಪ್ಪಣಿಯೂ ಇರಬಹುದು.

ಇದನ್ನು ಕಂಪೈಲರ್ ಎಂಬ ಪ್ರೋಗ್ರಾಂಗೆ ಕೊಟ್ಟರೆ ಅದು ಯಂತ್ರಕ್ಕೆ ತಿಳಿಯುವ ಬೈಟ್‌ಗಳಾಗಿ ರುಬ್ಬಿ ಕೊಡುತ್ತದೆ. ಆಗ ಉಳಿಯುವುದು ಇಷ್ಟೇ: ಮೆಮೊರಿಯ ಇಂಥ ವಿಳಾಸದಲ್ಲಿರುವ ಸಂಖ್ಯೆ ತಗೋ, ಅದರ ಮುಂದೆ 8 ಬೈಟ್ ಆಚೆ ಇರುವ ಸಂಖ್ಯೆ ಜೊತೆ ಹೋಲಿಸು, ದೊಡ್ಡದಾಗಿದ್ದರೆ ಆ ಇನ್ನೊಂದು ವಿಳಾಸಕ್ಕೆ ಹಾರು. ತೂಕ ಎಲ್ಲಿ ಹೋಯಿತು, ಮಿತಿ ಎಲ್ಲಿ ಹೋಯಿತು? ಹೆಸರೆಲ್ಲ ಅಳಿಸಿಹೋಯಿತು, ಟಿಪ್ಪಣಿಯೂ ಹೋಯಿತು. ದೋಸೆ ಹಿಟ್ಟಿನಿಂದ ಅಕ್ಕಿ ಬೇರೆ, ಉದ್ದು ಬೇರೆ ಮಾಡಿದ ಹಾಗೆ, ಹಿಂದಕ್ಕೆ ಹೋಗುವ ದಾರಿ ಸುಲಭ ಇಲ್ಲ.

ಹಾಗಂತ ದಾರಿಯೇ ಇಲ್ಲ ಅಂತಲ್ಲ. ಗೀಡ್ರಾ ಅಂತ ಒಂದು ಸಾಧನ ಇದೆ. ಅಮೆರಿಕದ ರಾಷ್ಟ್ರೀಯ ಭದ್ರತಾ ಏಜೆನ್ಸಿ 2019ರಲ್ಲಿ ಅದನ್ನು ಉಚಿತವಾಗಿ ಬಿಟ್ಟಿತು. ಅದರೊಳಗೆ ಗೇಮ್‌ನ ಫೈಲ್ ಹಾಕಿದರೆ ಬೈಟ್‌ಗಳನ್ನು ಮತ್ತೆ ಕೋಡ್‌ನಂತೆ ಕಾಣುವ ರೂಪಕ್ಕೆ ತರುತ್ತದೆ. ಆದರೆ ಆ ಕೋಡ್‌ನಲ್ಲಿ ಹೆಸರಿನ ಜಾಗದಲ್ಲಿ ಬರೀ ವಿಳಾಸದ ಸಂಖ್ಯೆಗಳಿರುತ್ತವೆ. ಯಾವುದು ತೂಕ, ಯಾವುದು ಪ್ರಾಣ, ಯಾವುದು ಕುದುರೆ ಅಂತ ಗೇಮ್ ಓಡಿಸಿ, ನಿಲ್ಲಿಸಿ, ನೋಡಿ, ಒಂದೊಂದಕ್ಕೂ ಕೈಯಾರೆ ಹೆಸರಿಡಬೇಕು. ದೊಡ್ಡ ಗೇಮ್‌ನಲ್ಲಿ ಇಂಥ ತುಣುಕುಗಳು ಸಾವಿರಗಟ್ಟಲೆ.

ಕಂಪನಿಯೇ ತೆರೆದಿಟ್ಟ ಬಾಗಿಲು

ಹಾಗಾದರೆ ಇಷ್ಟೊಂದು ಮಾಡ್‌ಗಳು ಬರುವುದು ಹೇಗೆ? ಹೆಚ್ಚಿನವು ಕೋಡ್‌ನ ತಂಟೆಗೇ ಹೋಗುವುದಿಲ್ಲ. ಗೇಮ್‌ನಲ್ಲಿ ಎರಡು ಭಾಗ. ಒಂದು ಎಂಜಿನ್, ಅಂದರೆ ರುಬ್ಬಿದ ಕೋಡ್. ಇನ್ನೊಂದು ಅದಕ್ಕೆ ಉಣಿಸುವ ಸಾಮಾನು: ಚಿತ್ರ, ಶಬ್ದ, ಊರಿನ ನಕ್ಷೆ, ಮಾತುಗಳು, ಕತ್ತಿಗೆ ಎಷ್ಟು ಏಟು ಅನ್ನುವ ಪಟ್ಟಿ. ಈ ಎರಡನೆಯದನ್ನು ಬದಲಿಸಲು ಎಂಜಿನ್ ಬಿಚ್ಚಬೇಕಿಲ್ಲ. ಬೆಥೆಸ್ಡಾ ತನ್ನ 'ಸ್ಕೈರಿಮ್', 'ಫಾಲ್‌ಔಟ್ 4' ಗೇಮ್‌ಗಳಿಗೆ 'ಕ್ರಿಯೇಷನ್ ಕಿಟ್' ಅನ್ನುವ ಸಾಧನವನ್ನು ತಾನೇ ಕೊಟ್ಟಿದೆ. ಊರು ಕಟ್ಟಿ, ಜನ ತುಂಬಿ, 'ಪ್ಯಾಪಿರಸ್' ಎಂಬ ಸಣ್ಣ ಸ್ಕ್ರಿಪ್ಟ್ ಭಾಷೆಯಲ್ಲಿ ಕಥೆ ನಡೆಸಬಹುದು.

ಈ ಬಾಗಿಲಿನಿಂದ ಒಳಗೆ ಬಂದ ಮಾಡ್‌ಗಳು ಅಪ್‌ಡೇಟ್ ಬಂದರೂ ಸಾಮಾನ್ಯವಾಗಿ ಉಳಿಯುತ್ತವೆ. ಕಂಪನಿ ತನ್ನ ಹಳೆಯ ಫೈಲುಗಳನ್ನು ತಾನೇ ಓದಬೇಕಲ್ಲ, ಅದಕ್ಕೆ ಆ ಫೈಲಿನ ರೂಪವನ್ನು ಸುಮ್ಸುಮ್ನೆ ಬದಲಿಸುವುದಿಲ್ಲ.

ಆದರೆ ಬಾಗಿಲು ಎಷ್ಟು ಅಗಲ ಅನ್ನುವುದನ್ನು ತೀರ್ಮಾನಿಸಿದ್ದು ಎಂಜಿನ್ ಬರೆದವರು. ಅದಕ್ಕೆ ಒಂದು ಉದಾಹರಣೆ ಹತ್ತಿರದಿಂದ ನೋಡೋಣ.

ಎರಡು ಅಂಕಿಯ ಕಥೆ

'ಸ್ಕೈರಿಮ್' ಆಡಿದವರಿಗೆ ಒಂದು ಹಳೇ ಚೀಟ್ ಗೊತ್ತಿರುತ್ತೆ: ಆಜ್ಞೆ ಟೈಪ್ ಮಾಡುವ ಕನ್ಸೋಲ್ ಕಿಟಕಿ ತೆಗೆದು, ಎಫ್ ಅನ್ನುವ ಒಂದೇ ಅಕ್ಷರದ ನಂಬರ್ ಕೊಟ್ಟು, ಎಷ್ಟು ಬೇಕೋ ಅಷ್ಟು ಚಿನ್ನದ ನಾಣ್ಯ ತರಿಸಿಕೊಳ್ಳುವುದು. ಆ ಎಫ್ ನಿಜವಾಗಿ ಎಂಟು ಅಂಕಿಯ ನಂಬರು. ಏಳು ಸೊನ್ನೆ, ಕೊನೆಗೆ ಎಫ್. ಗೇಮ್‌ನಲ್ಲಿರುವ ಪ್ರತಿ ಕತ್ತಿಗೂ, ಪ್ರತಿ ಮನುಷ್ಯನಿಗೂ, ಪ್ರತಿ ಬಾಗಿಲಿಗೂ ಇಂಥ ಎಂಟಂಕಿ ನಂಬರ್ ಇದೆ.

ಇದರಲ್ಲಿ ಮೊದಲ ಎರಡು ಅಂಕಿ ಆ ವಸ್ತು ಯಾವ ಫೈಲಿನಿಂದ ಬಂತು ಅಂತ ಹೇಳುತ್ತವೆ. ಮೂಲ ಗೇಮ್ ಸೊನ್ನೆ ಸೊನ್ನೆ. ಆಮೇಲೆ ಬಂದ ಅಪ್‌ಡೇಟ್ ಮತ್ತು ಮೂರು ಹೆಚ್ಚುವರಿ ಭಾಗಗಳಿಗೆ ಒಂದರಿಂದ ನಾಲ್ಕು. ಐದರಿಂದ ನಿಮ್ಮ ಮಾಡ್‌ಗಳು. ಇದು ಹದಿನಾರರ ಲೆಕ್ಕ (0ರಿಂದ 9, ಆಮೇಲೆ ಎ ಇಂದ ಎಫ್, ಎಲ್ಲವೂ ಅಂಕಿಗಳೇ), ಹಾಗಾಗಿ ಎರಡು ಅಂಕಿಯಲ್ಲಿ ಒಟ್ಟು 256 ಸಂಖ್ಯೆ ಬರೆಯಬಹುದು. ಕೊನೆಯದನ್ನು ಆಟ ನಡೆಯುವಾಗ ಹುಟ್ಟುವ ವಸ್ತುಗಳಿಗೆ ಅಂತ ಎಂಜಿನ್ ತಾನೇ ಇಟ್ಟುಕೊಂಡಿದೆ. ಉಳಿದದ್ದು 255. ಅದಕ್ಕಿಂತ ಒಂದು ಫೈಲ್ ಜಾಸ್ತಿ ಹಾಕಿದರೂ ಅದಕ್ಕೆ ಕೊಡಲು ನಂಬರ್ ಇಲ್ಲ.

ಮಾಡರ್‌ಗಳು ಏನು ಮಾಡಿದರು? ಹತ್ತು ಸಣ್ಣ ಮಾಡ್‌ಗಳನ್ನು ಒಂದೇ ಫೈಲಿಗೆ ಸೇರಿಸಿದರು. ಯಾವುದನ್ನು ಬಿಡೋದು, ಯಾವುದನ್ನು ಇಟ್ಟುಕೊಳ್ಳೋದು ಅಂತ ತಲೆ ಕೆಡಿಸಿಕೊಂಡರು. ಮಿತಿಯನ್ನು ಮಾತ್ರ ಮುಟ್ಟಲಾಗಲಿಲ್ಲ. ಯಾಕೆಂದರೆ ಈ ಎಂಟಂಕಿ ಲೆಕ್ಕ ಎಂಜಿನ್‌ನ ಯಾವುದೋ ಒಂದು ಮೂಲೆಯಲ್ಲಿಲ್ಲ, ನಂಬರ್ ಓದುವ ಎಲ್ಲ ಕಡೆಯೂ ಇದೆ, ನೀವು ಸೇವ್ ಮಾಡಿಟ್ಟ ಆಟದ ಫೈಲಿನಲ್ಲೂ ಇದೆ. ಎಲ್ಲವನ್ನೂ ಒಟ್ಟಿಗೆ ಬದಲಿಸಬೇಕು ಅಂದರೆ ಎಲ್ಲೆಲ್ಲಿದೆ ಅಂತ ತಿಳಿಯಬೇಕು.

ಮುಂದೆ ಅದನ್ನು ಸಡಿಲಿಸಿದ್ದು ಕೋಡ್ ಇದ್ದ ಬೆಥೆಸ್ಡಾನೇ. ಒಂದು ಜಾಗವನ್ನು, ಕೊನೆಯದಕ್ಕಿಂತ ಹಿಂದಿನದನ್ನು, ಒಡೆದು ಅದರೊಳಗೆ 4096 'ಹಗುರ' ಫೈಲುಗಳು ಕೂರುವಂತೆ ಮಾಡಿತು. ತನ್ನ ಅಂಗಡಿಯಲ್ಲಿ ಸಣ್ಣ ಸಣ್ಣ ಸಾಮಾನು ಮಾರಲು ಅದಕ್ಕೂ ಜಾಗ ಬೇಕಿತ್ತು ಅನ್ನಿ. ಅದರ ಲಾಭ ಮಾಡರ್‌ಗಳಿಗೂ ಸಿಕ್ಕಿತು. ಹಳೆಯ 2011ರ ಆವೃತ್ತಿ ಆಡುವವರಿಗೆ ಸಿಗಲಿಲ್ಲ.

ಬಾಗಿಲಿಲ್ಲದ ಕಡೆ ಕನ್ನ

ಬಾಗಿಲಿನಿಂದ ಆಗದ ಕೆಲಸಕ್ಕೆ ಮಾಡರ್‌ಗಳು ಗೋಡೆಗೆ ಕನ್ನ ಹಾಕುತ್ತಾರೆ. ಕಳ್ಳತನ ಅನ್ನುವ ಅರ್ಥದಲ್ಲಿ ಹೇಳುತ್ತಿಲ್ಲ, ಕೆಲಸದ ರೀತಿ ಹಾಗಿದೆ.

'ಸ್ಕೈರಿಮ್ ಸ್ಕ್ರಿಪ್ಟ್ ಎಕ್ಸ್‌ಟೆಂಡರ್' ಅಂತ ಒಂದು ಸಾಧನ ಇದೆ. ಎಲ್ಲರೂ ಎಸ್‌ಕೆಎಸ್‌ಇ ಅನ್ನುತ್ತಾರೆ. 'ಫಾಲ್‌ಔಟ್ 4'ಕ್ಕೆ ಇದರದೇ ತಮ್ಮ ಎಫ್4ಎಸ್‌ಇ. ಗೇಮ್ ಮೆಮೊರಿಗೆ ಬಂದ ಕೂಡಲೇ ಇದು ತನ್ನ ಕೋಡನ್ನು ಅದರೊಳಗೆ ತೂರಿಸುತ್ತದೆ. ಆಮೇಲೆ ಗೇಮ್‌ನ ಒಂದು ಸಾಲನ್ನು ಅಳಿಸಿ ಅಲ್ಲಿ 'ನನ್ನ ಹತ್ತಿರ ಬಂದು ಹೋಗು' ಅಂತ ಬರೆಯುತ್ತದೆ. ಗೇಮ್ ಓಡುತ್ತಾ ಆ ಜಾಗಕ್ಕೆ ಬಂದಾಗ ಮಾಡ್‌ನ ಕಡೆ ಹಾರಿ, ಅದು ಹೇಳಿದ್ದು ಮಾಡಿ, ಮತ್ತೆ ತನ್ನ ದಾರಿಗೆ ಬರುತ್ತದೆ. ಗೇಮ್‌ಗೆ ಇದು ಗೊತ್ತೇ ಆಗುವುದಿಲ್ಲ.

ಈ ಉಪಾಯದಿಂದ ಆಗದ ಕೆಲಸ ಕಡಿಮೆ. 'ಸ್ಕೈರಿಮ್'ನಲ್ಲಿ ಸೆಕೆಂಡಿಗೆ 60 ಚಿತ್ರಕ್ಕಿಂತ ಜಾಸ್ತಿ ಓಡಿಸಿದರೆ ಮೇಜಿನ ಮೇಲಿನ ತಟ್ಟೆ ಲೋಟಗಳೆಲ್ಲ ತಾವಾಗಿ ಹಾರಾಡುತ್ತಿದ್ದವು, ಯಾಕೆಂದರೆ ವಸ್ತುಗಳು ಬೀಳುವ ಲೆಕ್ಕ 60ರ ವೇಗಕ್ಕೆ ಅಂಟಿಕೊಂಡಿತ್ತು. ಅದನ್ನು ಸರಿಮಾಡಿದ್ದು ಇಂಥ ಕನ್ನದ ಮಾಡ್‌ಗಳೇ. ಒಬ್ಬರೇ ಆಡುವ ಗೇಮ್‌ಗೆ ಹಲವರು ಒಟ್ಟಿಗೆ ಆಡುವ ವ್ಯವಸ್ಥೆಯನ್ನೂ ಹೀಗೇ ಹೊಲಿದು ಸೇರಿಸಿದವರಿದ್ದಾರೆ.

ತೊಂದರೆ ಇರುವುದು 'ಆ ಜಾಗ' ಅನ್ನುವ ಮಾತಿನಲ್ಲಿ.

ಗೋಡೆ ಸರಿದರೆ

ಮಾಡ್‌ಗೆ ತಿಳಿದಿರುವುದು ಒಂದು ವಿಳಾಸ, ಅಷ್ಟೇ. ಫೈಲಿನ ಶುರುವಿನಿಂದ ಇಷ್ಟು ಬೈಟ್ ದೂರ. ಕಂಪನಿ ಎಲ್ಲೋ ಮೇಲೆ ಒಂದು ಸಾಲು ಸೇರಿಸಿ ಮತ್ತೆ ಕಂಪೈಲ್ ಮಾಡಿದರೆ ಅದರ ಕೆಳಗಿನದೆಲ್ಲ ಒಂದಿಷ್ಟು ಸರಿಯುತ್ತದೆ. ಮಾಡ್ ಹೋಗಿ ಹಳೇ ವಿಳಾಸದ ಬಾಗಿಲು ತಟ್ಟಿದರೆ ಅಲ್ಲಿ ಬೇರೆ ಯಾರೋ ಇರುತ್ತಾರೆ. ಗೇಮ್ ಅಲ್ಲೇ ಬಿದ್ದುಹೋಗುತ್ತದೆ. ಹಾಗಾಗದಿರಲಿ ಅಂತ ಎಸ್‌ಕೆಎಸ್‌ಇ ಮೊದಲೇ ಗೇಮ್‌ನ ಆವೃತ್ತಿ ನೋಡುತ್ತದೆ, ತನಗೆ ಗೊತ್ತಿಲ್ಲದ್ದಾದರೆ ಓಡುವುದಿಲ್ಲ ಅಂತ ಹೇಳಿ ನಿಂತುಬಿಡುತ್ತದೆ.

ಕಂಪನಿ ತಿದ್ದಿದ್ದು ನಿಮ್ಮ ಮಾಡ್‌ಗೆ ಸಂಬಂಧವೇ ಇಲ್ಲದ ಯಾವುದೋ ಮೆನು ಆಗಿರಬಹುದು. ಆದರೂ ಮಾಡ್ ಕೆಡುತ್ತದೆ. ಓದುಗರಿಗೆ ಗೊಂದಲ ಆಗುವುದು ಇಲ್ಲೇ. ಏನು ಬದಲಾಯಿತು ಅನ್ನುವುದು ಲೆಕ್ಕಕ್ಕಿಲ್ಲ, ಬದಲಾದ್ದರಿಂದ ಎಲ್ಲವೂ ಎಷ್ಟು ಸರಿಯಿತು ಅನ್ನುವುದೇ ಲೆಕ್ಕ.

ಮಾಡರ್‌ಗಳು ಇದಕ್ಕೂ ಒಂದು ಉಪಾಯ ಕಂಡುಕೊಂಡರು. 'ಅಡ್ರೆಸ್ ಲೈಬ್ರರಿ' ಅಂತ ಮಾಡಿ, ಎಂಜಿನ್‌ನ ಪ್ರತಿ ತುಣುಕಿಗೂ ಒಂದು ಖಾಯಂ ನಂಬರ್ ಕೊಟ್ಟರು. ಆ ನಂಬರಿನ ತುಣುಕು ಯಾವ ಆವೃತ್ತಿಯಲ್ಲಿ ಯಾವ ವಿಳಾಸದಲ್ಲಿದೆ ಅನ್ನುವ ಪಟ್ಟಿ ಇಟ್ಟರು. ಮನೆ ಬದಲಿಸಿದರೂ ಆಧಾರ್ ನಂಬರ್ ಅದೇ ಇದ್ದ ಹಾಗೆ. ಅಪ್‌ಡೇಟ್ ಬಂದಾಗ ಪಟ್ಟಿಯೊಂದನ್ನು ಹೊಸದು ಮಾಡಿದರೆ ಸಾಕು, ನೂರಾರು ಮಾಡ್‌ಗಳು ತಾವಾಗಿ ಓಡುತ್ತವೆ.

ಆದರೆ 2021ರ ನವೆಂಬರ್ 11ಕ್ಕೆ 'ಸ್ಕೈರಿಮ್' ಹತ್ತನೇ ವರ್ಷದ ಆವೃತ್ತಿ ಬಂದಾಗ ಇದೂ ಕೈಕೊಟ್ಟಿತು. ಆ ಸಲ ಕಂಪನಿ ಕಂಪೈಲರನ್ನೇ ಹೊಸದಕ್ಕೆ ಬದಲಿಸಿತ್ತು. ಕಂಪೈಲರ್‌ಗೆ ಒಂದು ಅಭ್ಯಾಸ ಇದೆ: ಸಣ್ಣ ತುಣುಕು ಕಂಡರೆ, ಅದನ್ನು ಬೇರೆ ಜಾಗದಲ್ಲಿಟ್ಟು ಪ್ರತಿ ಸಲ ಕರೆಯುವುದಕ್ಕಿಂತ, ಕರೆಯುವ ಕಡೆಗೇ ಒಂದೊಂದು ನಕಲು ಅಂಟಿಸಿಬಿಡುತ್ತದೆ. ಓಡುವ ವೇಗ ಜಾಸ್ತಿಯಾಗುತ್ತದೆ. ಯಾವುದನ್ನು ಹೀಗೆ ಅಂಟಿಸಬೇಕು ಅಂತ ಪ್ರತಿ ಕಂಪೈಲರ್ ತನ್ನದೇ ಲೆಕ್ಕ ಹಾಕುತ್ತದೆ. ಹಾಗಾಗಿ ಹಳೆಯ ಎಂಜಿನ್‌ನಲ್ಲಿ ಒಂದು ಕಡೆ ಇದ್ದ ತುಣುಕು ಹೊಸದರಲ್ಲಿ ಹತ್ತು ಕಡೆ ಕರಗಿಹೋಗಿತ್ತು. ವಿಳಾಸ ಬದಲಾಗಿದ್ದರೆ ಹುಡುಕಬಹುದು, ಮನೆಯೇ ಇಲ್ಲದಿದ್ದರೆ? ಗೇಮ್‌ನ ನಿಯಮಗಳು ಬಹುತೇಕ ಹಳೆಯವೇ. ಸೋರ್ಸ್ ಕೋಡ್ ಕಣ್ಣೆದುರು ಇದ್ದವರಿಗೆ ಇದು ದೊಡ್ಡ ವಿಷಯವೇ ಆಗಿರಲಿಕ್ಕಿಲ್ಲ. ಇಲ್ಲದವರಿಗೆ ಮೊದಲಿನಿಂದ ಹುಡುಕಾಟ.

ಆಮೇಲೆ ಆದದ್ದು ಹೀಗೆ: ಕೆಲವರು ಹೊಸ 1.6ಕ್ಕೆ ಹೋದರು, ಇನ್ನು ಕೆಲವರು ಹಳೆಯ 1.5.97ರಲ್ಲೇ ಉಳಿದರು. ಮಾಡ್ ಬರೆಯುವವರು ಎರಡೂ ಕಡೆ ನೋಡಿಕೊಳ್ಳಬೇಕಾಯಿತು. ಬರೆದವರು ಕೆಲಸ, ಮದುವೆ, ಮಕ್ಕಳು ಅಂತ ಬಿಟ್ಟುಹೋಗಿದ್ದ ಮಾಡ್‌ಗಳ ಗತಿ ಇನ್ನೂ ಕಷ್ಟ. ಅವನ್ನು ಹೊಸದಕ್ಕೆ ಹೊಂದಿಸಲು ಗೇಮ್‌ನ ಕೋಡ್ ಅಷ್ಟೇ ಅಲ್ಲ, ಆ ಮಾಡ್‌ನ ಸೋರ್ಸ್ ಕೋಡ್ ಕೂಡ ಬೇಕು. ತಮ್ಮ ಕೋಡನ್ನೂ ಹೊರಗಿಡದ ಮಾಡರ್‌ಗಳು ಬೇಕಾದಷ್ಟಿದ್ದಾರೆ. ಕಂಪನಿಯನ್ನು ಬೈಯುವ ಮುಂಚೆ ಇದನ್ನೂ ನೆನಪಿಡಬೇಕು ಅಲ್ವಾ?

ಅಪ್‌ಡೇಟ್ ನಿಂತ ಗೇಮ್‌ಗಳ ಅದೃಷ್ಟ

ಈಗ ತಿರುಗಿಸಿ ನೋಡಿ. ನಮ್ಮ ಊರುಗಳ ಸೈಬರ್ ಸೆಂಟರ್‌ಗಳಲ್ಲಿ ಒಂದು ಕಾಲಕ್ಕೆ ಸರತಿ ನಿಂತು ಆಡಿದ 'ವೈಸ್ ಸಿಟಿ', 'ಸ್ಯಾನ್ ಆಂಡ್ರಿಯಾಸ್' ನೆನಪಿಸಿಕೊಳ್ಳಿ. 'ಸ್ಯಾನ್ ಆಂಡ್ರಿಯಾಸ್'ಗೆ ಕೋಡ್ ಇಲ್ಲದೆಯೇ ಹಲವರು ಒಟ್ಟಿಗೆ ಆಡುವ ವ್ಯವಸ್ಥೆ ಬಂತು. 'ಎಸ್‌ಎ-ಎಂಪಿ', 'ಎಂಟಿಎ' ಅಂತ ಎರಡೆರಡು. ವರ್ಷಗಟ್ಟಲೆ ಬಾಳಿದವು. ಅವು ಯಾಕೆ ಕೆಡಲಿಲ್ಲ? ಗೋಡೆ ಸರಿಯಲಿಲ್ಲ. 2005ರಲ್ಲಿ ಪಿಸಿಗೆ ಬಂದ ಮೊದಲ ಆವೃತ್ತಿಯ ವಿಳಾಸಗಳನ್ನು ಎಲ್ಲರೂ ಸೇರಿ ಹುಡುಕಿ, ಬರೆದಿಟ್ಟು, ಅದನ್ನೇ ನೆಲ ಮಾಡಿಕೊಂಡರು. ಕಂಪನಿ ಆಮೇಲೆ 1.01 ಬಿಟ್ಟರೂ ಮಾಡರ್‌ಗಳು 1.0ರ ಫೈಲನ್ನೇ ತಂದು ಹಾಕಿ ಅನ್ನುತ್ತಾರೆ, ಇವತ್ತಿಗೂ.

ಕಂಪನಿ ಮರೆತುಬಿಟ್ಟ ಗೇಮ್ ಮಾಡರ್‌ಗೆ ಒಳ್ಳೆಯದು, ಪ್ರೀತಿಯಿಂದ ಅಪ್‌ಡೇಟ್ ಕೊಡುತ್ತಲೇ ಇರುವ ಗೇಮ್ ಕಷ್ಟ. ಆಟಗಾರರು ಒಂದೇ ಉಸಿರಲ್ಲಿ 'ಅಪ್‌ಡೇಟ್ ಕೊಡಿ' ಅಂತಲೂ 'ಅಪ್‌ಡೇಟ್ ಕೊಟ್ಟು ಹಾಳು ಮಾಡಿದಿರಿ' ಅಂತಲೂ ಕೂಗುವುದು ಇದಕ್ಕೇ.

ದಾಟಲಾಗದ ಗೋಡೆ

ಎಲ್ಲವೂ ಕನ್ನದಿಂದ ಆಗುತ್ತೆ ಅಂದುಕೊಳ್ಳಬೇಡಿ. 2011ರ ಮೂಲ 'ಸ್ಕೈರಿಮ್' 32 ಬಿಟ್ ಪ್ರೋಗ್ರಾಂ. ಅಂಥದ್ದಕ್ಕೆ ವಿಂಡೋಸ್ ಸಾಮಾನ್ಯವಾಗಿ 2 ಜಿಬಿ ಮೆಮೊರಿ ಕೊಡುತ್ತದೆ. ಫೈಲಿನ ತಲೆಯಲ್ಲಿ ಒಂದು ಗುರುತು ಬದಲಿಸಿದರೆ 4 ಜಿಬಿ ಆಗುತ್ತದೆ. ಅಷ್ಟನ್ನು ಯಾರು ಬೇಕಾದರೂ ಮಾಡಬಹುದು. 2010ರ 'ಫಾಲ್‌ಔಟ್: ನ್ಯೂ ವೇಗಸ್'ಗೆ ಅಭಿಮಾನಿಗಳು ಮಾಡಿದ 4 ಜಿಬಿ ಪ್ಯಾಚ್ ಇದೇ. ಅದಕ್ಕಿಂತ ಮುಂದೆ ಹೋಗಲು 64 ಬಿಟ್ ಬೇಕು.

64 ಬಿಟ್ ಅಂದರೆ ಪ್ರತಿ ವಿಳಾಸ 4 ಬೈಟ್ ಇದ್ದದ್ದು 8 ಬೈಟ್ ಆಗಬೇಕು. ವಿಳಾಸ ದೊಡ್ಡದಾದರೆ ಅದನ್ನು ಇಟ್ಟುಕೊಂಡ ಪ್ರತಿ ಪೆಟ್ಟಿಗೆಯೂ ದೊಡ್ಡದಾಗಬೇಕು, ಪೆಟ್ಟಿಗೆಯೊಳಗಿನ ಮಿಕ್ಕ ಸಾಮಾನೆಲ್ಲ ಸರಿಯಬೇಕು, ಅವನ್ನು ಮುಟ್ಟುವ ಪ್ರತಿ ಸಾಲನ್ನೂ ತಿದ್ದಬೇಕು. ಇಲ್ಲಿ ನಾಲ್ಕು ಕಡೆ ಕನ್ನ ಹಾಕಿದರೆ ಸಾಲದು, ಇಡೀ ಮನೆ ಮತ್ತೆ ಕಟ್ಟಬೇಕು. ಸೋರ್ಸ್ ಕೋಡ್ ಇದ್ದವರು ತೊಂದರೆ ಕೊಡುವ ಜಾಗಗಳನ್ನು ತಿದ್ದಿ ಮತ್ತೆ ಕಂಪೈಲ್ ಮಾಡುತ್ತಾರೆ. ಬೆಥೆಸ್ಡಾ 2016ರಲ್ಲಿ 'ಸ್ಪೆಷಲ್ ಎಡಿಷನ್' ಅಂತ ಅದನ್ನೇ ಮಾಡಿತು. ಅದಕ್ಕೂ ಮುಂಚಿನ ಐದು ವರ್ಷ ಮಾಡರ್‌ಗಳು ಚಿತ್ರಗಳ ಮೆಮೊರಿಯನ್ನು ಪಕ್ಕದಲ್ಲಿ ಇನ್ನೊಂದು ಪ್ರೋಗ್ರಾಂ ಓಡಿಸಿ ಅದರೊಳಗೆ ಬಚ್ಚಿಡುವಂಥ ಸರ್ಕಸ್‌ಗಳನ್ನು ಮಾಡಿದರು. ಕೆಲಸ ಮಾಡಿತು ಕೂಡ. ಗೋಡೆ ಮಾತ್ರ ಅಲ್ಲೇ ಇತ್ತು.

ಕನ್ನಡ ಅಕ್ಷರ ಕೂರಿಸಬೇಕಾದರೆ

ಇದು ನಮಗೆ ನೇರವಾಗಿ ತಟ್ಟುವ ಜಾಗ. ಹಳೆಯ ಗೇಮ್ ಒಂದನ್ನು ಕನ್ನಡಕ್ಕೆ ತರಬೇಕು ಅನ್ನಿ. ಮಾತುಗಳೆಲ್ಲ ಬೇರೆ ಫೈಲಿನಲ್ಲಿರುತ್ತವೆ, ಅನುವಾದ ಮಾಡಬಹುದು. ಫಾಂಟ್ ಕೂಡ ಬದಲಿಸಬಹುದು. ಆದರೂ ಪರದೆ ಮೇಲೆ ಕನ್ನಡ ಬರುವುದಿಲ್ಲ.

'ಸ್ತ್ರೀ' ಅನ್ನುವುದು ನಮ್ಮ ಕಣ್ಣಿಗೆ ಒಂದು ಅಕ್ಷರ. ಯೂನಿಕೋಡ್‌ನಲ್ಲಿ ಅದು ಆರು ಸಂಕೇತ: ಸ, ಅರ್ಧಾಕ್ಷರದ ಗುರುತು, ತ, ಮತ್ತೆ ಆ ಗುರುತು, ರ, ಕೊನೆಗೆ ಈ ಸ್ವರದ ಗುರುತು. ಈ ಆರನ್ನು ನೋಡಿ ಒತ್ತಕ್ಷರ ಎಲ್ಲಿ ಕೂರಬೇಕು, ದೀರ್ಘ ಎಲ್ಲಿ ಬರಬೇಕು ಅಂತ ಜೋಡಿಸುವ ಒಂದು ಹಂತ ಬೇಕು. ಬ್ರೌಸರ್‌ಗಳಲ್ಲಿ, ಆಂಡ್ರಾಯ್ಡ್‌ನಲ್ಲಿ ಆ ಕೆಲಸವನ್ನು ಹಾರ್ಫ್‌ಬಜ್ ಅನ್ನುವ ಉಚಿತ ಲೈಬ್ರರಿ (ಬೇರೆ ಪ್ರೋಗ್ರಾಂಗಳು ಬಳಸಿಕೊಳ್ಳುವ ಸಿದ್ಧ ಕೋಡ್) ಮಾಡುತ್ತದೆ. ಇಂಗ್ಲಿಷನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದ ಎಂಜಿನ್‌ನಲ್ಲಿ ಆ ಹಂತವೇ ಇರುವುದಿಲ್ಲ. ಒಂದು ಸಂಕೇತಕ್ಕೆ ಒಂದು ಚಿತ್ರ, ಪಕ್ಕಪಕ್ಕ. ಆರು ತುಂಡು ಸಾಲಾಗಿ ನಿಲ್ಲುತ್ತವೆ. ಸೋರ್ಸ್ ಕೋಡ್ ಇದ್ದರೆ ಅಕ್ಷರ ಬಿಡಿಸುವ ಜಾಗಕ್ಕೆ ಆ ಲೈಬ್ರರಿ ಜೋಡಿಸುವುದು ಒಬ್ಬ ನುರಿತ ಪ್ರೋಗ್ರಾಮರ್‌ಗೆ ಮಾಡಬಹುದಾದ ಕೆಲಸ. ಇಲ್ಲದಿದ್ದರೆ ಮತ್ತೆ ಕನ್ನ.

ಇನ್ನೊಂದು ದಾರಿ ನಮಗೆ ಹಳೆಯ ಪರಿಚಯ. ಯೂನಿಕೋಡ್ ಬಳಕೆಗೆ ಬರುವ ಮುಂಚಿನ ನುಡಿ, ಬರಹ ಫಾಂಟ್‌ಗಳು ಮಾಡಿದ್ದು ಇದನ್ನೇ: ಇಂಗ್ಲಿಷ್ ಅಕ್ಷರದ ಜಾಗಗಳಲ್ಲಿ ಕನ್ನಡದ ತುಂಡುಗಳನ್ನು, ಒತ್ತುಗಳನ್ನು ಬಿಡಿಸಿಟ್ಟು, ಅಕ್ಷರವನ್ನು ಮೊದಲೇ ಜೋಡಿಸಿ ಕೊಡುವುದು. ಎಂಜಿನ್‌ಗೆ ತಾನು ಕನ್ನಡ ಬರೆಯುತ್ತಿದ್ದೇನೆ ಅಂತ ಗೊತ್ತೇ ಆಗುವುದಿಲ್ಲ.

ಲಿಪಿ ಗೆದ್ದರೂ ವ್ಯಾಕರಣ ಬಿಡುವುದಿಲ್ಲ. ಇಂಗ್ಲಿಷ್ ಗೇಮ್‌ಗಳಲ್ಲಿ 'ತಗೋ' ಅನ್ನುವ ಮಾತಿನ ಪಕ್ಕ ವಸ್ತುವಿನ ಹೆಸರನ್ನು ಅಂಟಿಸುವ ಕೆಲಸವನ್ನು ಹೆಚ್ಚಾಗಿ ಕೋಡ್ ಮಾಡುತ್ತದೆ. ಕನ್ನಡದಲ್ಲಿ 'ತಗೋ ಕತ್ತಿ' ಅಂತ ಬರುತ್ತದೆ. ಹಿಂದುಮುಂದು ಮಾಡಿದರೂ ಸಾಲದು, ಕತ್ತಿಗೆ 'ಯನ್ನು', ಬಾಣಕ್ಕೆ 'ವನ್ನು' ಬೇಕು. ಆ ನಿಯಮ ಬರೆಯಲು ಫೈಲಿನಲ್ಲಿ ಜಾಗವೇ ಇಲ್ಲ, ಅದು ಕೋಡ್‌ನ ಒಳಗೆ.

ಕಂಪನಿ ಯಾಕೆ ಕೊಡುವುದಿಲ್ಲ

ಜಿಪುಣತನ ಅಂತ ತಳ್ಳಿಹಾಕುವುದು ಸುಲಭ. ಆದರೆ ಗೇಮ್‌ನ ಕೋಡ್ ಪೂರ್ತಿ ಆ ಕಂಪನಿಯದೇ ಆಗಿರುವುದು ಅಪರೂಪ. ಶಬ್ದಕ್ಕೆ ಒಬ್ಬರ ಲೈಬ್ರರಿ, ವಿಡಿಯೋಗೆ ಇನ್ನೊಬ್ಬರದು, ವಸ್ತು ಬೀಳುವ ಲೆಕ್ಕಕ್ಕೆ ಮತ್ತೊಬ್ಬರದು. ಬಾಡಿಗೆಗೆ ತಂದದ್ದನ್ನು ದಾನ ಮಾಡಲಾಗದು. 1997ರಲ್ಲಿ ಇಡ್ ಸಾಫ್ಟ್‌ವೇರ್ ತನ್ನ 'ಡೂಮ್' ಗೇಮ್‌ನ ಕೋಡ್ ಕೊಟ್ಟಾಗ ಲಿನಕ್ಸ್ ಆವೃತ್ತಿಯದನ್ನು ಮಾತ್ರ ಕೊಟ್ಟಿತು, ಯಾಕೆಂದರೆ ಡಾಸ್ ಆವೃತ್ತಿಯಲ್ಲಿ ಬೇರೆಯವರ ಹಕ್ಕಿದ್ದ ಶಬ್ದದ ಲೈಬ್ರರಿ ಇತ್ತು. 2025ರಲ್ಲಿ 'ಕಮಾಂಡ್ ಅಂಡ್ ಕಾಂಕರ್: ಜನರಲ್ಸ್' ಕೋಡ್ ಬಂದಾಗಲೂ ಬೇರೆಯವರ ಶಬ್ದ, ವಿಡಿಯೋ ಭಾಗಗಳು ಅದರಲ್ಲಿರಲಿಲ್ಲ. ಅವನ್ನು ತಾವೇ ತುಂಬಿಕೊಳ್ಳಬೇಕಿತ್ತು.

ಎರಡನೆಯದು, ಹಳೇ ಎಂಜಿನ್ ಹೊಸ ಗೇಮ್‌ನಲ್ಲೂ ಇರುತ್ತದೆ. ಇವತ್ತಿನ ವ್ಯಾಪಾರದ ಬೀಗದ ಕೈಯನ್ನು ಯಾರು ಹೊರಗಿಡುತ್ತಾರೆ? ಮೂರನೆಯದು ಆನ್‌ಲೈನ್ ಮೋಸ. ಕೋಡ್ ತೂರಿಸುವ ಮಾಡ್‌ಗೂ ಗೋಡೆಯಾಚೆ ಎದುರಾಳಿಯನ್ನು ತೋರಿಸುವ ಚೀಟ್‌ಗೂ ಕೆಲಸದ ರೀತಿ ಒಂದೇ. ಕಾವಲಿನ ಪ್ರೋಗ್ರಾಂಗೆ ಎರಡೂ ಕಳ್ಳರೇ.

ಇನ್ನೊಂದು ಕಾರಣ ಸ್ವಲ್ಪ ನಾಚಿಕೆಯದು: ಕೆಲವರ ಹತ್ತಿರ ಕೋಡ್ ಉಳಿದೇ ಇಲ್ಲ. 'ಐಸ್‌ವಿಂಡ್ ಡೇಲ್ 2' ಗೇಮನ್ನು ಹೊಸದಾಗಿ ತರಲು ಹೊರಟ ಬೀಮ್‌ಡಾಗ್ ಕಂಪನಿಗೆ ಅದರ ಮೂಲ ಕೋಡ್ ಸಿಗಲೇ ಇಲ್ಲ.

'ಕಮಾಂಡ್ ಅಂಡ್ ಕಾಂಕರ್' ಸರಣಿಯಲ್ಲೇ ವ್ಯತ್ಯಾಸ ಚೆನ್ನಾಗಿ ಕಾಣುತ್ತದೆ. 'ಜನರಲ್ಸ್' ಕೋಡ್ ಸಿಕ್ಕಿತು, ಅಭಿಮಾನಿಗಳು ಕೂತು ಮೂಲದಲ್ಲೇ ದೋಷ ತಿದ್ದುತ್ತಿದ್ದಾರೆ. 'ರೆಡ್ ಅಲರ್ಟ್ 2' ಆ ಕಂತಿನಲ್ಲಿ ಬರಲಿಲ್ಲ. ಅಲ್ಲಿ 'ಏರೀಸ್', 'ಫೋಬೋಸ್' ಅನ್ನುವ ತೂರಿಸುವ ಸಾಧನಗಳದೇ ಆಸರೆ. ಅದರ ಹೆಚ್ಚುವರಿ ಭಾಗವಾದ 2001ರ 'ಯೂರೀಸ್ ರಿವೆಂಜ್' ಫೈಲ್ ಇನ್ನು ಬದಲಾಗುವುದಿಲ್ಲ ಅನ್ನುವ ಧೈರ್ಯದ ಮೇಲೆ ಅವು ನಿಂತಿವೆ.

ಹೊಸದಾಗಿ ಬರೆದರೆ?

ಕೋಡ್ ಕೊಡದಿದ್ದರೆ ನಾವೇ ಬರೆಯುತ್ತೇವೆ ಅಂತ ಹೊರಟವರೂ ಇದ್ದಾರೆ. 2002ರ 'ಮಾರೋವಿಂಡ್' ಗೇಮ್‌ಗೆ 'ಓಪನ್‌ಎಂಡಬ್ಲ್ಯು' ಅನ್ನುವ ಹೊಸ ಎಂಜಿನನ್ನು 2008ರಿಂದ ಬರೆಯುತ್ತಿದ್ದಾರೆ. ಚಿತ್ರ, ಊರು, ಮಾತು ಮೂಲ ಗೇಮ್‌ನವೇ, ಹಾಗಾಗಿ ಅದನ್ನು ಕೊಂಡಿರಬೇಕು. ಎಂಜಿನ್ ಮಾತ್ರ ಸ್ವಂತದ್ದು. ಕೋಡ್ ಕೈಗೆ ಬಂದದ್ದೇ ಅದರ ಮೇಲೆ ಹಲವರು ಒಟ್ಟಿಗೆ ಆಡುವ ಆವೃತ್ತಿಯೂ ಹುಟ್ಟಿತು. ಆದರೆ ಹಳೇ ಎಂಜಿನ್‌ಗೆ ಕನ್ನ ಹಾಕಿ ಮಾಡಿದ ಮಾಡ್‌ಗಳು ಇದರಲ್ಲಿ ಓಡುವುದಿಲ್ಲ. ಅವು ಹುಡುಕುವ ವಿಳಾಸವೇ ಇಲ್ಲಿಲ್ಲವಲ್ಲ.

ಇದಕ್ಕಿಂತ ಅಪಾಯದ ದಾರಿ ಮೂಲ ಗೇಮನ್ನೇ ಬಿಡಿಸಿ ಸಾಲುಸಾಲಾಗಿ ಮತ್ತೆ ಬರೆಯುವುದು. 'ಆರ್‌ಇ3' ಎಂಬ ತಂಡ 'ಜಿಟಿಎ 3', 'ವೈಸ್ ಸಿಟಿ'ಗಳಿಗೆ ಅದನ್ನು ಮಾಡಿ ಕೋಡನ್ನು ಹೊರಗಿಟ್ಟಿತು. ಹಕ್ಕಿನ ಒಡೆಯ ಟೇಕ್-ಟು 2021ರ ಫೆಬ್ರವರಿಯಲ್ಲಿ ಅದನ್ನು ತೆಗೆಸಿತು, ಸೆಪ್ಟೆಂಬರ್‌ನಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಕೇಸು ಹಾಕಿತು. ಅದು ತೀರ್ಪಿನವರೆಗೆ ಹೋಗದೆ 2023ರಲ್ಲಿ ಮುಗಿಯಿತು, ಹಾಗಾಗಿ ಇದು ಸರಿಯೋ ತಪ್ಪೋ ಅಂತ ಕೋರ್ಟ್ ಹೇಳಲೇ ಇಲ್ಲ.

ನಮ್ಮಲ್ಲಿ 1957ರ ಕಾಪಿರೈಟ್ ಕಾಯ್ದೆಯ 52ನೇ ಸೆಕ್ಷನ್ ಇದೆ. ಪ್ರೋಗ್ರಾಂ ಹೇಗೆ ಕೆಲಸ ಮಾಡುತ್ತೆ ಅಂತ ಗಮನಿಸಿ, ಪರೀಕ್ಷಿಸಿ ಅದರ ಹಿಂದಿನ ತತ್ವ ತಿಳಿಯುವುದಕ್ಕೂ, ನ್ಯಾಯವಾಗಿ ಪಡೆದ ಪ್ರೋಗ್ರಾಂ ಜೊತೆ ಸ್ವಂತವಾಗಿ ಬರೆದ ಇನ್ನೊಂದನ್ನು ಹೊಂದಿಸಲು ಬೇಕಾದ ಮಾಹಿತಿ ಬೇರೆಲ್ಲೂ ಸಿಗದಿದ್ದಾಗ ಅದನ್ನು ತೆಗೆಯುವುದಕ್ಕೂ ಅದು ಅವಕಾಶ ಕೊಡುತ್ತದೆ. ಮೂಲದ ಕೋಡನ್ನೇ ಮತ್ತೆ ಬರೆದು ಹಂಚುವುದಕ್ಕೆ ಇದು ರಕ್ಷೆ ಅಂತ ಓದಿಕೊಂಡರೆ ಅದು ದುಡುಕು.

ಮುಂದೇನು

ನಡುವಿನ ದಾರಿಯೂ ಒಂದಿದೆ, ನನಗೆ ಅದೇ ಹೆಚ್ಚು ನಡೆಯುವಂಥದ್ದು ಅನ್ನಿಸುತ್ತದೆ. 'ಮೈನ್‌ಕ್ರಾಫ್ಟ್'ನ ಮೂಲ ಪಿಸಿ ಆವೃತ್ತಿ ಜಾವಾ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿದೆ. ಜಾವಾದಲ್ಲಿ ಕಂಪೈಲ್ ಆದರೂ ಹೆಸರುಗಳು ಉಳಿಯುತ್ತವೆ, ಅದಕ್ಕೆ ಕಂಪನಿ ಬೇಕಂತಲೇ ಹೆಸರುಗಳನ್ನು ಕಲಸಿ ಬಿಡುತ್ತಿತ್ತು. 2019ರಲ್ಲಿ ಯಾವ ಕಲಸಿದ ಹೆಸರಿಗೆ ಯಾವ ನಿಜವಾದ ಹೆಸರು ಅನ್ನುವ ಪಟ್ಟಿ ಕೊಟ್ಟಿತು. 2025ರ ಅಕ್ಟೋಬರ್‌ನಲ್ಲಿ, ಇನ್ನು ಕಲಸುವುದನ್ನೇ ನಿಲ್ಲಿಸುತ್ತೇವೆ ಅಂದಿತು. ಹಕ್ಕು ಕಂಪನಿಯ ಹತ್ತಿರವೇ ಇದೆ, ಗೇಮ್ ಮಾರಾಟವೂ ನಿಲ್ಲಲಿಲ್ಲ. ಮಾಡರ್‌ಗೆ ಹುಡುಕಾಟ ತಪ್ಪಿತು. ಬೇರೆ ಭಾಷೆಯಲ್ಲಿ ಬರೆದ ಗೇಮ್‌ಗಳೂ ಹೆಸರಿನ ಪಟ್ಟಿಯನ್ನಷ್ಟೇ ಕೊಡಬಹುದು, ಅಥವಾ ಹಳೇ ಆವೃತ್ತಿಯನ್ನು ಅಂಗಡಿಯಲ್ಲಿ ಪಕ್ಕಕ್ಕೆ ಇಟ್ಟು ಬೇಕಾದವರು ಆರಿಸಿಕೊಳ್ಳಲಿ ಅನ್ನಬಹುದು. ಖರ್ಚು ಜಾಸ್ತಿಯಿಲ್ಲ.

ಅಲ್ಲಿಯವರೆಗೆ 'ಫಾಲ್‌ಔಟ್: ಲಂಡನ್' ಆಡಬೇಕೆನ್ನುವ ಸ್ಟೀಮ್ (ಗೇಮ್ ಮಾರುವ ಆನ್‌ಲೈನ್ ಅಂಗಡಿ) ಬಳಕೆದಾರರು ಮೊದಲು ತಮ್ಮ 'ಫಾಲ್‌ಔಟ್ 4' ಅನ್ನು ಏಪ್ರಿಲ್ 2024ರ ಹಿಂದಿನ 1.10.163 ಆವೃತ್ತಿಗೆ ಇಳಿಸಿಕೊಳ್ಳಬೇಕು. ಆಮೇಲೆ ಸ್ಟೀಮ್‌ನಲ್ಲಿ ಅಪ್‌ಡೇಟನ್ನು 'ಗೇಮ್ ಶುರು ಮಾಡಿದಾಗ ಮಾತ್ರ' ಅನ್ನುವುದಕ್ಕೆ ಹಾಕಿ, ಗೇಮನ್ನು ಸ್ಟೀಮ್‌ನ ಪ್ಲೇ ಬಟನ್‌ನಿಂದ ಶುರು ಮಾಡದೆ, ಎಫ್4ಎಸ್‌ಇ ಫೈಲಿನ ಮೇಲೆ ಒತ್ತಿ ಶುರು ಮಾಡಬೇಕು. ಮರೆತು ಒಂದು ಸಲ ಪ್ಲೇ ಒತ್ತಿದಿರೋ, ಇಳಿಸಿದ್ದೆಲ್ಲ ಮತ್ತೆ ಮೊದಲಿನಿಂದ.